ಐದೂವರೆಯ ಬೆರಳು

ಐದೂವರೆಗೆ ಗಾರ್ಮೆಂಟ್ಸಿನ ಹೆಂಗಸರೆಲ್ಲ ಗೇಟಿನ ಬಳಿಯ ಯಂತ್ರದ ಮೇಲೆ ಬೆರಳೊತ್ತಿ, ಮನೆಗೆ ಹೊರಟೆವೆಂದು ದಾಖಲಿಸಿ, ಮತ್ತೆ ಒಳಗೆ ಬಂದು ಹೊಲಿಯಲು ಕೂತರು. ದಿನವೂ ಹೀಗೆಯೇ. ಓಟಿ, ಅಂದರೆ ಹೆಚ್ಚುವರಿ ದುಡಿಮೆ, ಲೆಕ್ಕದಲ್ಲಿ ಎಲ್ಲೂ ಕಾಣಬಾರದೆಂದು ಸೂಪರ್‌ವೈಸರನ ಅಪ್ಪಣೆ.

"ಮಗೂಗೆ ಜ್ವರ ಸಾರ್. ಇವತ್ತೊಂದಿನ ಬಿಡಿ," ಎಂದಳು ಪುಟ್ಟಲಕ್ಷ್ಮಿ.

"ನಾನೇನು ಹಿಡ್ಕೊಂಡಿದೀನಾ? ಇನ್ನು ನಲವತ್ತು ಕಾಲರ್ ಮುಗ್ಸು, ಹೋಗು," ಎಂದ ಅವನು.

ಅವಳ ಕಣ್ಣು ಗಡಿಯಾರಕ್ಕೂ ಬಟ್ಟೆಗೂ ಓಡಾಡುತ್ತಿತ್ತು. ಕಾಲು ಮಾತ್ರ ಪೆಡಲ್ ಬಿಡಲಿಲ್ಲ. ಏಳು ಗಂಟೆಗೆ, ಮೂವತ್ತೆಂಟನೆಯ ಕಾಲರ್ ಹೊಲಿಯುವಾಗ, ಸೂಜಿ ಗೇಟಿನಲ್ಲಿ ಒತ್ತಿದ್ದ ಅದೇ ಬೆರಳಿನ ಉಗುರನ್ನು ತೂರಿ ಒಳಗೇ ಮುರಿಯಿತು.

ಮರುದಿನ ಬೆರಳಿಗೆ ಬ್ಯಾಂಡೇಜ್ ಸುತ್ತಿಕೊಂಡು ಫ್ಯಾಕ್ಟರಿಯ ಆಫೀಸಿಗೆ ಹೋದಳು.

"ಕೆಲಸದಲ್ಲಿ ಆದ ಗಾಯ ಅಂತ ಬರ್ಕೊಡಿ ಮೇಡಂ. ಆಸ್ಪತ್ರೇಲಿ ಕೇಳ್ತಿದಾರೆ."

"ಎಷ್ಟು ಗಂಟೆಗೆ ಆಯ್ತು?"

"ಸಂಜೆ ಏಳಕ್ಕೆ."

ಮೇಡಂ ಕಂಪ್ಯೂಟರಿನಲ್ಲಿ ಹಿಂದಿನ ದಿನದ ಹಾಜರಿ ನೋಡಿದಳು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಸೂಪರ್‌ವೈಸರನ ಕಡೆ ತಿರುಗಿದಳು. ಅವನು ಫ್ಯಾನ್ ನೋಡುತ್ತಿದ್ದ. ಮೇಡಂ ಮತ್ತೆ ಪುಟ್ಟಲಕ್ಷ್ಮಿಯತ್ತ ತಿರುಗಿದಳು.

"ಐದೂವರೆಗೇ ಮನೆಗೆ ಹೋಗಿದ್ದೀಯಲ್ಲಮ್ಮ. ಏಳು ಗಂಟೆಗೆ ಮನೇಲಿ ಏನು ಹೊಲೀತಿದ್ದೆ?"