ದಂಡೋತಿ ಗೋದಾಮು ನಂಬರ್ ಒನ್

"ಚಿತ್ತಾಪುರ ಇವತ್ತೂ ಸೊನ್ನೆ!" ಎನ್ನುತ್ತಲೇ ಅಂಬರೇಶ ಅಲ್ಲಿನ ಗೋದಾಮಿನ ಬಾಗಿಲು ದಾಟಿದ. ಒಂದು ಕೈಯಲ್ಲಿ ಟ್ಯಾಬ್, ಇನ್ನೊಂದರಲ್ಲಿ ಗುಮಾಸ್ತೆ ಲಾಲಮ್ಮನನ್ನು ಕೆಲಸದಿಂದ ತೆಗೆಯುವ ಪತ್ರ.

ಬೇಳೆ ಕಂಪನಿಯ ಗೋದಾಮುಗಳಿಗೆ ಬರುವ ಪ್ರತಿ ತೊಗರಿ ಚೀಲವೂ ಕಂಪ್ಯೂಟರಿಗೆ ಏರಬೇಕು. ಅದೇ ಹೊಸ ಯೋಜನೆ. ಅದರ ಮುಖ್ಯಸ್ಥನಾಗಿ ಅಂಬರೇಶ ಕಲಬುರಗಿಯ ಕಚೇರಿಗೆ ಬಂದು ಎರಡು ತಿಂಗಳಾಗಿತ್ತು. ಇಷ್ಟು ದಿನ ಆತ ಒಂದು ಗೋದಾಮಿಗೂ ಕಾಲಿಟ್ಟಿರಲಿಲ್ಲ. ಇಡುವ ಅಗತ್ಯವಾದರೂ ಏನು? ಟ್ಯಾಬಿನಲ್ಲಿ ಪ್ರತಿ ಗೋದಾಮಿನ ಚೀಲದ ಲೆಕ್ಕ ತೋರಿಸುವ ಬಣ್ಣಬಣ್ಣದ ಕಂಬಗಳಿದ್ದವಲ್ಲ! ಸೇಡಂ ಹಳದಿ, ಚಂದಾಪುರ ಕೆಂಪು. ದಂಡೋತಿ ಮಾತ್ರ ಅಪ್ಪಟ ಹಸಿರು.

ದಂಡೋತಿ ಎಂದರೆ ಆತನಿಗೆ ಎಲ್ಲಿಲ್ಲದ ಪ್ರೀತಿ. ಅಲ್ಲಿಂದ ಒಂದು ದೂರಿಲ್ಲ, ರಜೆ ಅರ್ಜಿಯಿಲ್ಲ, ಕರೆಂಟ್ ಹೋಯಿತೆಂಬ ಗೋಳಿಲ್ಲ, ಪ್ರಿಂಟರಿಗೆ ಕಾಗದ ಕಳಿಸಿ ಎಂಬ ಬೇಡಿಕೆಯೂ ಇಲ್ಲ. ಮೂರು ಸಲ ಅಭಿನಂದನೆಯ ಇಮೇಲ್ ಕಳಿಸಿದರೂ ಉತ್ತರ ಬರಲಿಲ್ಲ. "ಕೆಲಸ ಮಾಡೋರು ಹಿಂಗಿರಬೇಕ್ರಿ, ಬಾಯೇ ಬಿಡೋದಿಲ್ಲ" ಎಂದು ಸೋಮವಾರದ ಸಭೆಯಲ್ಲಿ ಆತ ಹೊಗಳಿದಾಗ ಮಾಲೀಕರು ತಲೆದೂಗಿದ್ದರು. ದಂಡೋತಿಗೆಂದು ಮಾಡಿಸಿದ ಸನ್ಮಾನದ ಫಲಕ, ಶಾಲು, ಹಾರ ಈಗ ಹೊರಗೆ ಜೀಪಿನಲ್ಲಿದ್ದವು.

ಲಾಲಮ್ಮ ಎದ್ದು ನಿಂತಳು. ಇಪ್ಪತ್ತೆರಡು ವರ್ಷ ಇದೇ ಗೋದಾಮಿನಲ್ಲಿ ದುಡಿದವಳು. ಆಕೆಯ ಬೆನ್ನ ಹಿಂದೆ ತೊಗರಿ ಚೀಲಗಳ ರಾಶಿ ತಗಡಿನ ಸೂರನ್ನು ಮುಟ್ಟಿತ್ತು.

"ಇಷ್ಟ್ ಮಾಲ್ ಬಂದದ. ಕಂಪ್ಯೂಟರಿನಾಗ ಒಂದ್ ಚೀಲನೂ ಇಲ್ಲ!" ಎಂದು ಅಂಬರೇಶ ಗದರಿದ.

"ದಿನಾ ಹಾಕಾಕತ್ತೀನ್ರಿ ಸಾಹೇಬ್ರ. ತರಬೇತಿನಾಗ ಹೆಂಗ ಕಲಿಸ್ಯಾರೋ ಹಂಗ. ಒಂದ್ ಗುಂಡಿ ಆಚೀಚೆ ಮಾಡಿಲ್ಲ."

ಅಂಬರೇಶನಿಗೆ ಮೈ ಉರಿಯಿತು. ಎದುರಿಗೇ ಇಂಥ ಹಸಿ ಸುಳ್ಳು! "ದಂಡೋತಿಯವರನ್ನ ನೋಡಿ ಕಲೀರಿ."

"ನೀವು ದಂಡೋತಿ ನೋಡಿ ಬಂದೀರೇನ್ರಿ?"

"ನೋಡೋದೇನದ? ಎಲ್ಲಾ ಇದರಾಗೇ ಕಾಣ್ತದ" ಎಂದು ಟ್ಯಾಬ್ ತಟ್ಟಿ, ಪತ್ರವನ್ನು ಆಕೆಯ ಕೈಗಿತ್ತ.

ಲಾಲಮ್ಮ ಓದಿ ಪತ್ರ ಮಡಚಿದಳು. "ಮಗಳ ಕಾಲೇಜು ಇನ್ನೊಂದ್ ವರ್ಷ ಅದರಿ..." ಅಂಬರೇಶನಿಗೆ ಒಂದು ಗಳಿಗೆ ಅಯ್ಯೋ ಅನ್ನಿಸಿತು. ಟ್ಯಾಬಿನ ಸೊನ್ನೆಯನ್ನು ಇನ್ನೊಮ್ಮೆ ನೋಡಿಕೊಂಡ. ಮನಸ್ಸು ಗಟ್ಟಿಯಾಯಿತು.

ಅಷ್ಟರಲ್ಲಿ ಬಾಗಿಲಲ್ಲಿ ಟಂಟಂ ಗಾಡಿಯೊಂದು ಬಂದು ನಿಂತಿತು. ಹನ್ನೆರಡು ಚೀಲ ತೊಗರಿ.

"ಪಾಪ, ಬಿಸಿಲಾಗ ಬಂದಾರ. ಇದೊಂದ್ ಹಾಕಿ ಹೋಗ್ತೀನ್ರಿ" ಎಂದು ಲಾಲಮ್ಮ ಕಣ್ಣೊರೆಸಿಕೊಂಡು ಕಂಪ್ಯೂಟರಿನ ಮುಂದೆ ಕುಳಿತಳು.

ದಂಡೋತಿ ಗೋದಾಮಿನ ದಾರಿ ಕೇಳಲು ಅಂಬರೇಶ ಕರುಣಾಗೆ ಫೋನ್ ಹಚ್ಚಿದ. ಇಡೀ ವ್ಯವಸ್ಥೆಯನ್ನು ಕಂಪ್ಯೂಟರಿನಲ್ಲಿ ಕಟ್ಟಿದವಳು, ಗುಮಾಸ್ತರಿಗೆಲ್ಲ ಕಲಿಸಿದವಳು ಆಕೆಯೇ. ಹಾಗಾಗಿ ಸೋಮವಾರದ ಸಭೆಗೆ ಆಕೆಯನ್ನು ಯಾರೂ ಕರೆಯುತ್ತಿರಲಿಲ್ಲ.

"ದಂಡೋತಿನಾಗ ನಮ್ಮ ಗೋದಾಮ ಎಲ್ಲದರಿ ಸರ್?" ಕರುಣಾ ನಕ್ಕಳು. "ಅದು ನಮ್ಮೂರು. ಕಲಿಯೋರ ಕೈ ಪಳಗಲಿ ಅಂತ ಆ ಹೆಸರಿಲೆ ಕಂಪ್ಯೂಟರಿನಾಗಷ್ಟ ಒಂದ್ ಸುಳ್ಳ ಗೋದಾಮು ಮಾಡಿದ್ದೆ. ತರಬೇತಿ ಮುಗದ ಮ್ಯಾಲ ಅದನ್ನ ಯಾರ್ ಮುಟ್ತಾರ್ರಿ?"

ಲಾಲಮ್ಮ ಗುಂಡಿ ಒತ್ತಿದಳು. ಅಂಬರೇಶನ ಟ್ಯಾಬಿನಲ್ಲಿ ದಂಡೋತಿಯ ಹಸಿರು ಕಂಬ ಹನ್ನೆರಡು ಚೀಲ ಮೇಲೇರಿತು.