ಏಳನೆಯ ಷರತ್ತು

ಕುಂಕುಮದ ಭರಣಿಯ ಮುಚ್ಚಳ ಬಿಗಿದುಕೊಂಡಿತ್ತು. ಸೀತಾಬಾಯಿ ಸೆರಗಿನಲ್ಲಿ ಹಿಡಿದು ತಿರುವಿದಳು, ಬರಲಿಲ್ಲ. ಹೊರಗಿನಿಂದ ಮಗ ದಿನಕರ ಕೂಗಿದ.

"ಅವ್ವಾ, ಗಾಡಿ ಸ್ಟೇಶನ್ನಿಗೆ ಬಂತು. ಲಗೂನ ಮುಗಸು."

ಕೊನೆಗೆ ಚಮಚದ ಹಿಡಿಯಿಂದ ಮೀಟಿ ತೆಗೆದಳು. ಹಣೆಗೆ ಇಟ್ಟುಕೊಳ್ಳುವಾಗ ಕುಂಕುಮ ಮೂಗಿನ ಮೇಲೆ ಉದುರಿತು. ಕೈತುಂಬ ಹಸಿರು ಬಳೆ. ಬೆಳಿಗ್ಗೆ ಮಲಿಕಾಬಿ ಬಂದು ತೊಡಿಸಿ ಹೋಗಿದ್ದಳು. ಬಳೆಗಾರ್ತಿ ಇವತ್ತು ರೊಕ್ಕ ಕೊಟ್ಟರೆ ಮುಟ್ಟಲಿಲ್ಲ.

ಬೆಂಗಳೂರಿನ ಸಾಹೇಬ ಬರುವ ದಿನ ಗುಡಗೇರಿಯ ಹತ್ತಿ ಗಿರಣಿಯಲ್ಲಿ ಎಲ್ಲರೂ ಕೆಲಸ ಬಿಟ್ಟು ಗೇಟಿನತ್ತ ನೋಡುತ್ತಿದ್ದರು. ಅರವತ್ತೊಂಬತ್ತನೆಯ ಇಸವಿಯಲ್ಲಿ ಏಕನಾಥರಾಯರು ಊರವರಿಂದ ಶೇರು ಕೂಡಿಸಿ ಕಂಪನಿ ಕಟ್ಟಿದ್ದರು. ಯಂತ್ರ ತರಲು ಬೆಂಗಳೂರಿನ ಒಂದು ಹಣಕಾಸು ಸಂಸ್ಥೆ ಹತ್ತು ವರ್ಷದ ಸಾಲ ಕೊಟ್ಟಿತ್ತು. ಸುಮ್ಮನೆ ಕೊಡಲಿಲ್ಲ, ಷರತ್ತು ಹಾಕಿತು. ಲಾಭ ಹಂಚಬಾರದು. ಯಂತ್ರ ಮಾರಬಾರದು. ಬೇರೆ ಕಡೆ ಸಾಲ ಎತ್ತಬಾರದು. ಅವೆಲ್ಲ ಸುಲಭ, ಲಾಭ ಬಂದರೆ ತಾನೆ ಹಂಚುವುದು?

ಏಳನೆಯದೇ ಗಂಟಲಿನ ಮುಳ್ಳು. ಸಾಲ ತೀರುವವರೆಗೆ ಏಕನಾಥರಾಯರೇ ಕಂಪನಿ ನಡೆಸಬೇಕು. ಅವರು ಕುರ್ಚಿ ಬಿಟ್ಟರೆ ಬಾಕಿಯೆಲ್ಲ ಒಂದೇ ಸಲಕ್ಕೆ ಕಟ್ಟಬೇಕು. ಇಲ್ಲದಿದ್ದರೆ ಗಿರಣಿ ಜಪ್ತಿ, ಒತ್ತೆ ಇಟ್ಟ ಮನೆಯೂ ಜಪ್ತಿ. ಯಂತ್ರವನ್ನು ನಂಬದೆ ಮನುಷ್ಯನನ್ನು ನಂಬಿದರು, ಪುಣ್ಯಾತ್ಮರು. ಯಂತ್ರಕ್ಕಿಂತ ಮೊದಲು ಮನುಷ್ಯನೇ ಕೆಡಬಹುದು ಅನ್ನುವುದು ಅವರಿಗೆ ಹೊಳೆಯಲಿಲ್ಲ.

ಮೂರು ವರ್ಷದ ಹಿಂದೆ ರಾಯರು ಹತ್ತಿ ಅಂಡಿಗೆಗಳ ನಡುವೆ ಕುಸಿದು ಬಿದ್ದರು. ಮಿರಜದ ದವಾಖಾನೆಗೆ ಒಯ್ದು, ತಂದರು. ಆದದ್ದು ಊರಿಗೆಲ್ಲ ಗೊತ್ತಿತ್ತು. ಬೆಂಗಳೂರಿಗೆ ಮಾತ್ರ ಗೊತ್ತಾಗಬಾರದಿತ್ತು. ಗಿರಣಿ ನಿಂತರೆ ಅರ್ಧ ಊರಿನ ಒಲೆ ಆರುತ್ತಿತ್ತು, ಹಾಗಾಗಿ ಯಾರೂ ಬಾಯಿ ಬಿಡಲಿಲ್ಲ. ಪ್ರತಿ ವರ್ಷ ಸಾಹೇಬರಿಗೆ ವರ್ಗವಾಗಿ ಹೊಸ ಮುಖ ಬರುತ್ತಿತ್ತು. ದೇವರು ಮಾಡಿದ ಉಪಕಾರ ಅದೊಂದೇ.

ಮನೆಯ ಪಡಸಾಲೆಯೇ ಕಚೇರಿ. ದಿನಕರ ಕುರ್ಚಿಯಲ್ಲಿದ್ದ ಮುದುಕರಿಗೆ ಕೋಟು ತೊಡಿಸಿದ, ರುಮಾಲು ಸುತ್ತಿದ. ಕೋಟು ಹೆಗಲಿನಿಂದ ಜಾರುತ್ತಿತ್ತು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಮಾತು ಹೋಗಿತ್ತು, ತಿಳಿವಳಿಕೆ ಹೋಗಿರಲಿಲ್ಲ. ಅದೇ ಹೆಚ್ಚಿನ ಹಿಂಸೆ.

"ಸಾಹೇಬ ಏನ ಕೇಳಿದ್ರೂ ಗೋಣ ಹಾಕ್ರಿ. ಅಷ್ಟ ಸಾಕು."

ಮುದುಕರು ಗೋಣು ಹಾಕಿದರು.

ಗೇಟಿನಲ್ಲಿ ಸಾಹೇಬ ಕಾವಲುಗಾರ ಹನಮಪ್ಪನನ್ನು ಕೇಳಿದ, "ಯಜಮಾನರು ದಿನಾ ಗಿರಣಿಗೆ ಬರ್ತಾರೇನಪ್ಪ?"

"ಅವರು ಎಲ್ಲಿ ಹೋಗ್ತಾರ್ರಿ ಸಾಹೇಬ್ರ. ನಮ್ಮ ಕಣ್ಣಾಗ ಯಾವಾಗಲೂ ಇಲ್ಲೇ ಅದಾರ."

ಹರೆಯದ ಸಾಹೇಬ. ಒಳ್ಳೆಯವನೇ. ಕುರ್ಚಿಯ ಮುಂದೆ ಬಾಗಿ ನಮಸ್ಕರಿಸಿದ, ಮುದುಕರು ಬಲಗೈ ಎತ್ತಿದರು. ಸೀತಾಬಾಯಿ ತಲೆ ತುಂಬ ಸೆರಗು ಹೊದ್ದು ಚಹಾ ತಂದಳು. ಹೊಸ್ತಿಲು ದಾಟಲಿಲ್ಲ, ತಟ್ಟೆಯನ್ನು ಮಗನ ಕೈಗೆ ಕೊಟ್ಟು ಬಾಗಿಲ ಮರೆಗೆ ಸರಿದಳು. ಅವಳನ್ನು ಕಂಡದ್ದೇ ಮುದುಕರು ಗೋಡೆಯ ಕಡೆ ಮುಖ ತಿರುಗಿಸಿದರು. ಸಾಹೇಬನಿಗೆ ನಗು ಬಂತು.

"ಹಳೇ ಕಾಲದ ದಂಪತಿ. ಈ ವಯಸ್ಸಲ್ಲೂ ಎಷ್ಟು ಮರ್ಯಾದೆ ನೋಡಿ. ನನ್ನ ಹೆಂಡತಿಗೆ ಇದನ್ನ ತೋರಿಸಬೇಕಿತ್ತು."

"ನಮ್ಮ ಮನೆತನದ ಪದ್ಧತಿರಿ," ಎಂದ ದಿನಕರ.

ಸಾಹೇಬ ಕಾಗದ ತಿರುವಿದ. "ಇವರ ಅಣ್ಣ ವೆಂಕಣ್ಣ ಅನ್ನೋರು ಸಾಲಕ್ಕೆ ಸಾಕ್ಷಿ ಹಾಕಿದ್ದಾರೆ. ದೇವಿಕೊಪ್ಪದಲ್ಲೇ ಇದ್ದಾರಾ?"

"ಈಗ ದೇವಿಕೊಪ್ಪದಾಗ ಇಲ್ಲರಿ."

"ಓ, ಪಾಪ." ಸಾಹೇಬ ದನಿ ತಗ್ಗಿಸಿದ. ಕುರ್ಚಿಯಲ್ಲಿದ್ದವರ ಕಣ್ಣಲ್ಲಿ ನೀರಾಡಿತು. ಅಣ್ಣನ ನೆನಪು ತಂದು ತಪ್ಪು ಮಾಡಿದೆ ಅನ್ನಿಸಿ ಅವನು ಮಾತು ಬದಲಿಸಿದ.

ಬಾಗಿಲ ಮರೆಯಲ್ಲಿ ಸೀತಾಬಾಯಿ ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು. ಎಪ್ಪತ್ತೊಂಬತ್ತನೆಯ ಇಸವಿಗೆ ಸಾಲದ ಅವಧಿ ಮುಗಿಯುತ್ತದೆ. ಇನ್ನೆರಡು ವರ್ಷ ಹಲ್ಲು ಕಚ್ಚಿದರೆ ಈ ಪಾಪ ತೀರಿತು. ಆಮೇಲೆ ಗಿರಣಿ ಏನಾದರೂ ಆಗಲಿ.

"ನಿಮಗೊಂದು ಸಿಹಿ ಸುದ್ದಿ ತಂದಿದ್ದೀನಿ," ಎಂದ ಸಾಹೇಬ. "ಬಡ್ಡಿ ಕಟ್ಟೋದರಲ್ಲೇ ನೀವು ಸುಸ್ತಾಗ್ತಿದ್ದೀರಿ, ಅಸಲು ಹಾಗೇ ಇದೆ. ಅದಕ್ಕೆ ಸಾಲದ ಅವಧಿ ಇನ್ನೂ ಹತ್ತು ವರ್ಷ ಮುಂದೆ ಹಾಕಿದ್ದೇವೆ. ಷರತ್ತೆಲ್ಲ ಹಳೇವೇ. ರಾಯರನ್ನ ಚೆನ್ನಾಗಿ ನೋಡ್ಕೊಳ್ಳಿ, ಅಷ್ಟು ಸಾಕು."

ದಿನಕರನ ಮುಖದಲ್ಲಿ ರಕ್ತವಿಲ್ಲದಂತಾಯಿತು. "ಭಾಳ ಉಪಕಾರ ಆತ್ರಿ," ಎಂದ.

ಸೀತಾಬಾಯಿ ಬಾಗಿಲ ಮರೆಯಲ್ಲೇ ಕೂತಳು. ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಸಂತೋಷಕ್ಕೆ ಅಳುತ್ತಿದ್ದಾಳೆ ಎಂದುಕೊಂಡ ಸಾಹೇಬ ಹೊರಡುವಾಗ ಅವಳತ್ತ ಕೈಮುಗಿದ.

"ನಿಮ್ಮ ತಾಳಿ ಗಟ್ಟಿ ಇದೆ ತಾಯಿ. ಇನ್ನು ಹತ್ತು ವರ್ಷ ಇವರಿಗೆ ಏನೂ ಆಗಲ್ಲ."

ಗಾಡಿ ಹೋದ ಸದ್ದು ಕೇಳುವವರೆಗೆ ಯಾರೂ ಕದಲಲಿಲ್ಲ. ಆಮೇಲೆ ದಿನಕರ ಮುದುಕರ ಕೋಟು ಬಿಚ್ಚಿ ಗೂಟಕ್ಕೆ ತೂಗುಹಾಕಿದ. ರುಮಾಲು ತೆಗೆದು ಮಡಿಸಿಟ್ಟ. ಮುಂದಿನ ವರ್ಷಕ್ಕೆ ಬೇಕಿತ್ತು.

"ಏಳ್ರಿ, ದೊಡ್ಡಪ್ಪ," ಎಂದ. "ಊಟ ಮಾಡೂಣು."

ಹಿತ್ತಲಿನಲ್ಲಿ ಸೀತಾಬಾಯಿ ಹಣೆ ತೊಳೆದುಕೊಂಡಳು, ತಾಳಿ ಬಿಚ್ಚಿಟ್ಟಳು, ಹಸಿರು ಬಳೆಗಳನ್ನು ಒಗೆಯುವ ಕಲ್ಲಿಗೆ ಬಡಿದು ಒಡೆದಳು; ಗಂಡ ಸತ್ತ ಮೂರು ವರ್ಷದಲ್ಲಿ ಇದು ನಾಲ್ಕನೆಯ ಸಲ.