ಓದೋನಿಗೆ ಕೊಟ್ಟೆ

"ಸುಳ್ಳು ಹೇಳ್ಬೇಡಿ ನಾಗೇಂದ್ರ. ಕೊನೇ ಅಧ್ಯಾಯ ನಿಮ್ಮ ಹತ್ರಾನೇ ಇದೆ."

ರೂಪಶ್ರೀಯ ಕ್ಯಾಮೆರಾ ಓಡುತ್ತಿತ್ತು. ಚಾಮರಾಜನಗರದ ತನ್ನ ಬಾಡಿಗೆ ಮನೆಯಲ್ಲಿ ನಾಗೇಂದ್ರ ಕನ್ನಡಕ ತೆಗೆದು ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದ. ಕಾಲೇಜಿನಲ್ಲಿ ಗಂಟೆಗಟ್ಟಲೆ ಪಾಠ ಹೇಳುವವನು ಈಗ ಕ್ಯಾಮೆರಾಕ್ಕೆ ಮುಖ ಕೊಡದೆ ಕಿಟಕಿಯತ್ತ ತಿರುಗಿದ. ರೂಪಶ್ರೀಗೆ ಅಷ್ಟು ಸಾಕಾಯಿತು. ಕಳ್ಳ ಸಿಕ್ಕಿಬಿದ್ದ ಅಂದುಕೊಂಡಳು.

ಸಂಗತಿ ಇಷ್ಟು. ಹಂಗಳದ ಸೋಮೇಶ್ ಮಾಜಿ ಮಂತ್ರಿಯೊಬ್ಬರ ಜೀವನಚರಿತ್ರೆ ಬರೆದ. ಹಾರ ಹಾಕುವ ಪುಸ್ತಕವಲ್ಲ. ಒಂದು ಕೆರೆ ರಾತ್ರೋರಾತ್ರಿ ಬಡಾವಣೆಯಾದ ಕಥೆ ಕೊನೆಯ ಅಧ್ಯಾಯದಲ್ಲಿದೆ ಎಂದು ಊರೆಲ್ಲ ಗುಲ್ಲು. ಪ್ರೆಸ್ಸಿನ ಬಾಗಿಲಿಗೆ ಕಲ್ಲು ಬಿತ್ತು. ಪ್ರಕಾಶಕ ರಾಜಶೇಖರ್ ಹೆದರಿ ಆ ಅಧ್ಯಾಯವನ್ನು ಕಿತ್ತು, ಟೈಪಾದದ್ದನ್ನು ಅಳಿಸಿ, ಉಳಿದದ್ದನ್ನು ಅಚ್ಚು ಹಾಕಿಸಿದ. ಕೇಳಿದವರಿಗೆಲ್ಲ "ಅವರು ಬರ್ಕೊಟ್ಟಿದ್ದೇ ಇಷ್ಟು" ಎಂದ. ಅಷ್ಟೇ ನೋಡಿ, ಸೋಮೇಶ್ ತನ್ನನ್ನು ಮಂತ್ರಿಗೆ ಮಾರಿಕೊಂಡ ಎಂದು ಗುಂಡ್ಲುಪೇಟೆಯ ಟೀ ಅಂಗಡಿಗಳೆಲ್ಲ ತೀರ್ಪು ಕೊಟ್ಟವು.

ರೂಪಶ್ರೀಯೂ ಕೊಟ್ಟಳು. ಅವನ ಜೊತೆ ಮದುವೆ ಗೊತ್ತಾಗಿದ್ದವಳು! "ನನ್ನ ಕೈಬರಹ ಅವ್ವನ ಹತ್ರ ಐತೆ ಕಣೆ. ಒಂದ್ಸಲ ಬಂದು ಓದು, ಆಮೇಲೆ ಬೇಕಾದ್ರೆ ಉಗಿ" ಎಂದು ಫೋನಿನಲ್ಲಿ ಅಂಗಲಾಚಿದ. ಅವಳು ಹೋಗಲಿಲ್ಲ. ಅದೇ ವಾರ ಎದೆ ನೋವು ಎಂದವನು ಆಸ್ಪತ್ರೆ ಮುಟ್ಟಲಿಲ್ಲ. ಮಣ್ಣಿಗೂ ಅವಳು ಹೋಗಲಿಲ್ಲ. ಅಂಥ ಹಾಳು ಸಿಟ್ಟು.

ತಿಂಗಳು ಕಳೆದ ಮೇಲೆ ರಾಜಶೇಖರ್ ತಾನಾಗಿ ಬಂದು ಅವಳೆದುರು ಬಿಕ್ಕಿದ. "ಕಿತ್ತಿದ್ದು ನಾನೇ ಕಣಮ್ಮ. ಕ್ಯಾಮೆರಾ ಮುಂದೆ ಮಾತ್ರ ಹೇಳು ಅನ್ಬೇಡ. ನಾನು ಮಕ್ಕಳೊಂದಿಗ."

ಅವತ್ತಿನಿಂದ ರೂಪಶ್ರೀಗೆ ಊಟ ರುಚಿಸಲಿಲ್ಲ. ಆ ಪುಸ್ತಕ ಹೊರಬಂದ ಬಗೆಯ ಮೇಲೆ ಸಾಕ್ಷ್ಯಚಿತ್ರ ಮಾಡಲು ಹೊರಟಳು. ಕೈಬರಹ ಸಿಕ್ಕರೆ ಸತ್ತವನ ಹೆಸರಿಗೆ ಮೆತ್ತಿದ ಕೆಸರು ತೊಳೆಯಬಹುದು. ಸಿಗದಿದ್ದರೆ ಅವಳ ಮಾತನ್ನು ಯಾರು ನಂಬುತ್ತಾರೆ?

ಮೊದಲು ಹೋದದ್ದು ಹಂಗಳಕ್ಕೆ, ಸೋಮೇಶನ ತಾಯಿ ಗುರುಮಲ್ಲಮ್ಮನ ಬಳಿಗೆ. ಬಾಗಿಲಿಗೆ ಬಂದವಳನ್ನು ಆ ತಾಯಿ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ಓದ ವರ್ಸ ಇದೇ ಒತ್ಗೆ ಮನೆ ತುಂಬ ಜನ ಕಣಮ್ಮಿ," ಎಂದಳು. "ಈಗ ನಾಯಿನೂ ಇಣುಕಲ್ಲ."

"ಅತ್ತೆ, ಅವರ ಕೈಬರಹ ಎಲ್ಲಿದೆ?"

"ಓದೋನಿಗೆ ಕೊಟ್ಟೆ."

"ಯಾರಿಗೆ?"

"ಯಾರ್ಗೆ ಅಂತ ನನ್ನೇ ಕೇಳ್ತೀಯಲ್ಲ. ನಿಂಗೆ ಗೊತ್ತಿಲ್ದೋನಾ?"

"ಏನಂದ್ರು ಇಸ್ಕೊಂಡು?"

"ಏನಂದಾನು? ಸುಮ್ಕೆ ಕುಂತಿದ್ದ. ತೊಡೆ ಮ್ಯಾಲೆ ಮಡಗ್ಬುಟ್ಟೆ." ಗುರುಮಲ್ಲಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ರೂಪಶ್ರೀ ಮತ್ತೆ ಕೇಳಲಿಲ್ಲ.

ಹಳ್ಳಿಯ ಮಾತು ಹೊರಗಿನವರಿಗೂ ತಿಳಿಯಲೆಂದು ಅವಳು ಚಿತ್ರದ ಅಡಿಯಲ್ಲಿ ಪುಸ್ತಕದ ಕನ್ನಡದ ಸಾಲು ಹಾಕುತ್ತಿದ್ದಳು. ಅಲ್ಲಿಯೂ ಹಾಕಿದಳು: 'ಓದುವವನಿಗೆ ಕೊಟ್ಟೆ.'

ಓದುವವನು ಯಾರು? ಯೋಚಿಸುವುದೇನಿತ್ತು? ಕಾಲೇಜಿನ ದಿನಗಳಿಂದ ಗೆಳೆಯರ ತಮಾಷೆಯೇ ಅದು. ಸೋಮೇಶ ಬರೆಯೋನು, ನಾಗೇಂದ್ರ ಓದೋನು. ಸೋಮೇಶನ ಒಂದೊಂದು ಹಾಳೆಯನ್ನೂ ಮೊದಲು ಓದುತ್ತಿದ್ದವನು ಅವನೇ. ಅದೇ ನಾಗೇಂದ್ರ ಮೊನ್ನೆ ಮಾಜಿ ಮಂತ್ರಿಗಳ ಸನ್ಮಾನದಲ್ಲಿ ನಿರೂಪಣೆ ಮಾಡಿದ್ದ!

"ಪ್ರಿನ್ಸಿಪಾಲ್ರು ಕಳ್ಸಿದ್ರು, ಹೋದೆ," ಎಂದ ನಾಗೇಂದ್ರ ಈಗ. ಅವನ ಕಣ್ಣು ತುಂಬಿತ್ತು. "ಆ ಕೈಬರಹ ನನ್ ಕೈಗೆ ಬಂದಿದ್ರೆ ಹೊಲ ಮಾರಿ ಅಚ್ಚು ಹಾಕಿಸ್ತಿದ್ದೆ ರೂಪಾ."

"ನಾಟಕ ಸಾಕು. ಬನ್ನಿ, ಅತ್ತೆ ಮುಂದೆ ಹೇಳಿ."

ಇಬ್ಬರೂ ಕಾರಿನಲ್ಲಿ ಹಂಗಳಕ್ಕೆ ಹೋದರು. ಗುರುಮಲ್ಲಮ್ಮ ಮನೆಯಲ್ಲಿರಲಿಲ್ಲ. ಚೆಂಡುಹೂವಿನ ಹೊಲದ ಮೂಲೆಯಲ್ಲಿ, ಮಗನನ್ನು ಮಣ್ಣು ಮಾಡಿದ ಗದ್ದುಗೆಯ ಪಕ್ಕ ಕಳೆ ಕೀಳುತ್ತ ಕೂತಿದ್ದಳು. ರೂಪಶ್ರೀ ಗದ್ದುಗೆಯ ಕಡೆ ನೋಡದೆ ಕ್ಯಾಮೆರಾ ಎತ್ತಿದಳು.

"ಅತ್ತೆ, ಹೆದರ್ಬೇಡಿ. ಓದೋನಿಗೆ ಕೊಟ್ಟೆ ಅಂದ್ರಲ್ಲ, ಇವರಿಗೇ ತಾನೆ?"

ಗುರುಮಲ್ಲಮ್ಮ ನಾಗೇಂದ್ರನನ್ನು ನೋಡಿದಳು. ರೂಪಶ್ರೀಯನ್ನು ನೋಡಿದಳು. ಏನೂ ಅರ್ಥವಾಗದೆ ಮತ್ತೆ ನಾಗೇಂದ್ರನನ್ನು ನೋಡಿದಳು.

"ಅಯ್ಯೋ ಸಿವ್ನೆ, ಬುಡ್ತು ಅನ್ನಮ್ಮಿ! ಇವ್ನೆಲ್ಲಿ ಓದ? ಕಣ್ಮುಂದೆ ಗುಂಡ್ಕಲ್ಲಂಗೆ ನಿಂತವ್ನಲ್ಲ!"

ರೂಪಶ್ರೀ ಕ್ಯಾಮೆರಾ ಇಳಿಸಿದಳು. ನಾಗೇಂದ್ರ ಮೆಲ್ಲಗೆ ಗದ್ದುಗೆಯ ಮುಂದೆ ಕುಸಿದು ಕೂತ.

"ಮಣ್ಣಿನ ದಿನ ಸೋಮೇಶನ್ನ ಜಗಲಿ ಮೇಲೆ ಕೂರಿಸಿದ್ರು," ಎಂದ. "ಅವ್ವ ಮಡಿ ಬಟ್ಟೆ ಸುತ್ತಿದ ಗಂಟೊಂದನ್ನ ತಂದು ತೊಡೆ ಮೇಲಿಟ್ರು. ವಿಭೂತಿ ಗಟ್ಟಿ ಅಂದ್ಕೊಂಡೆ. ಅದರ ಸಮೇತಾನೇ ಗುಣಿಗಿಳಿಸಿದ್ವಿ. ಮೇಲೆ ನಾನೇ ಉಪ್ಪು ಸುರಿದೆ."

ಗುರುಮಲ್ಲಮ್ಮ ಗದ್ದುಗೆಯ ಮಣ್ಣು ಸವರಿದಳು. "ಬಂದೇ ಬತ್ತಾಳೆ ಅಂತ ಬಾಗ್ಲು ನೋಡ್ದೆ ಕಣಮ್ಮಿ. ಓದೋಳು ಬರ್ನಿಲ್ಲ."

ಚಿತ್ರದ ಅಡಿಸಾಲಿನಲ್ಲಿ ರೂಪಶ್ರೀ ಆಮೇಲೆ ತಿದ್ದಿದ್ದು ಒಂದೇ ಪದ: 'ಹೋದವನಿಗೆ ಕೊಟ್ಟೆ.'